ಸಹಾಯ ಬೇಕು: ಏಜೆನ್ಸಿ ಸುದ್ದಿ ‘ಸ್ಥಳೀಯ’ ಅಂತ ಎಣಿಸಬೇಕಾ, ಬ್ಯಾಡಾ?

ಒಂದೇ ಸುದ್ದಿಯನ್ನ ಜಾಗತಿಕ ಸುದ್ದಿ ಏಜೆನ್ಸಿ ಮತ್ತ ಸ್ಥಳೀಯ ಪತ್ರಿಕೆ ಹ್ಯಾಂಗ ಬರೀತಾವ ಅಂತ ಹೋಲಿಸಾಕತ್ತೀನಿ. ವಿಷಯ: ಭಾರತ–ಮೊಜಾಂಬಿಕ್ ತೊಗರಿ ಒಪ್ಪಂದ, 2016ರಿಂದ ಈಚೆಗೆ. ಒಂದು ಕಡೆ ರಾಯಿಟರ್ಸ್, ಎಎಫ್‌ಪಿ. ಇನ್ನೊಂದು ಕಡೆ ಕನ್ನಡ ಪತ್ರಿಕೆಗಳ ಕಲಬುರಗಿ ಆವೃತ್ತಿ. ಅಲ್ಲಿ ಅದು ಆಮದು, ರಾಜತಾಂತ್ರಿಕತೆ. ಇಲ್ಲಿ ಎಪಿಎಂಸಿ ದರ. ಹೋಲಿಕೆಗೆ ಇದಕ್ಕಿಂತ ಚಲೋ ವಿಷಯ ಸಿಗೂದಿಲ್ಲ ಬಿಡ್ರಿ.

ಹುಡುಕಾಟದ ತೊಂದರೆ ಬಗೆಹರದದ. ಇಂಗ್ಲಿಷಿನ್ಯಾಗ ಬರೇ ‘ತೂರ್’ ಹಾಕಿದ್ರ ಬಾಳ ಸುದ್ದಿ ತಪ್ಪತಾವ. ‘ಪಿಜನ್ ಪೀ’, ‘ಅರ್ಹರ್’, ‘ರೆಡ್ ಗ್ರಾಂ’, ಪೋರ್ಚುಗೀಸಿನ ‘ಫೇಜಾವ್ ಬೋಯರ್’ ಎಲ್ಲಾ ಸೇರಿಸಬೇಕು. ಹಳೆ ಇ-ಪೇಪರ್ ಪಿಡಿಎಫ್‌ನ ಫಾಂಟ್ ಯೂನಿಕೋಡ್ ಅಲ್ಲ, ಕಾಪಿ ಮಾಡಿದ್ರ ಬರೇ ಕಸ. 300 ಡಿಪಿಐ ಚಿತ್ರ ಮಾಡಿ ಟೆಸರಾಕ್ಟ್‌ಗೆ (ಚಿತ್ರದಾಗಿನ ಅಕ್ಷರ ಓದೋ ತಂತ್ರಾಂಶ) ಕೊಟ್ರ ಓದತದ, ಆದ್ರ ಒತ್ತಕ್ಷರ ಕೈಲೆ ತಿದ್ದಬೇಕು. ಮುದ್ರಿತ ಪತ್ರಿಕಿ ಮರುದಿನ ಬರತದ ಅಂತ ಏಜೆನ್ಸಿ ಸುದ್ದಿಯ ತಾರೀಖಿಗೆ ಎರಡು ದಿನ ಹಿಂದುಮುಂದು ಹಿಡಿದದ್ದಾಗ್ಯದ.

ಸಿಕ್ಕಿಬಿದ್ದದ್ದು ಇಲ್ಲಿ: ಸುದ್ದಿಯ ಒಡಲು ಪಿಟಿಐ ಏಜೆನ್ಸಿ ಸುದ್ದಿಯ ಅನುವಾದ, ಶೀರ್ಷಿಕೆ ಮತ್ತ ಕಡೀ ಪ್ಯಾರಾ ಮಾತ್ರ ಸ್ಥಳೀಯ ಡೆಸ್ಕ್‌ನದು. ಸ್ಥಳೀಯ ಅಂತ ಹಿಡಿದ್ರ ಐದು ಪತ್ರಿಕೆಯೊಳಗ ಬಂದ ಒಂದೇ ಪಠ್ಯ ಐದು ಸ್ವತಂತ್ರ ದನಿ ಆಗತದ. ತೆಗೆದ್ರ ‘ರೈತರಿಗೆ ಹೊಡೆತ’ ಅನ್ನೋ ಶೀರ್ಷಿಕೆನೂ ಹೋಗತದ, ಬೇಕಾಗಿದ್ದೇ ಅದು! ಇಬ್ಬರು ಕೋಡರ್‌ಗಳು (ಸುದ್ದಿ ಓದಿ ವರ್ಗಕ್ಕೆ ಹಚ್ಚೋರು) ಜಗಳಾಡೋದು ಇಂಥವಕ್ಕೇ. ಅವರ ಒಮ್ಮತ ಅಳಿಯೋ ಕ್ರಿಪೆಂಡಾರ್ಫ್ ಆಲ್ಫಾ 0.667 ದಾಟವಲ್ದು.

ಶೀರ್ಷಿಕೆ, ಒಡಲು ಎರಡು ಬ್ಯಾರೆ ಘಟಕ ಮಾಡಿ ಕೋಡ್ ಮಾಡಬೇಕಾ, ಇಲ್ಲಾ ‘ಮಿಶ್ರ’ ಅಂತ ಮೂರನೇ ವರ್ಗ ಇಡಬೇಕಾ? ಮಿಶ್ರ ಆದ್ರ, ಒಡಲು ಎಷ್ಟು ಬದಲಾದ್ರ ಸ್ಥಳೀಯ ಅನ್ನಬಹುದು? ಮಾಡಿ ನೋಡಿದವರು ಹೇಳ್ರಿ.