ದಿನಾ 130 ಕಿಲೋಮೀಟರ್ ಓಡಾಟಕ್ಕೆ ಯಾವ ಸೆಕೆಂಡ್ ಹ್ಯಾಂಡ್ ಕಾರು ತಗೋಬೇಕು?

ಪ್ರಶ್ನೆ (ಭಾಗ್ಯನಗರ, ಕೊಪ್ಪಳ):
ನಮಸ್ಕಾರ ಅಣ್ಣ. ನನಗೆ ತೋರಣಗಲ್ಲಿನಲ್ಲಿ ಕೆಲಸ. ಮಕ್ಕಳ ಶಾಲೆ, ಅವ್ವನ ಆಸ್ಪತ್ರೆ ಎಲ್ಲಾ ಇಲ್ಲೇ ಇರುವುದರಿಂದ ಮನೆ ಬದಲಿಸುವ ಹಾಗಿಲ್ಲ. ಹೋಗಿ ಬರಲು ದಿನಾ ಸುಮಾರು 130 ಕಿಲೋಮೀಟರ್ ಆಗುತ್ತದೆ. ಇಷ್ಟು ದಿನ ಬಸ್ಸು, ಜೊತೆಯವರ ಗಾಡಿ ಅಂತ ನಡೆಯಿತು. ಈಗ ಶಿಫ್ಟ್ ಬದಲಾಗಿದೆ, ಸ್ವಂತ ಗಾಡಿ ಬೇಕೇ ಬೇಕು. ಬಜೆಟ್ 5ರಿಂದ 6 ಲಕ್ಷ. ಮನೆಯಲ್ಲಿ ಐದು ಜನ. ಅವ್ವನಿಗೆ ಮೊಣಕಾಲು ನೋವು, ಹತ್ತಿ ಇಳಿಯಲು ಸುಲಭ ಇರಬೇಕು. ನನಗೂ ಸೊಂಟ ನೋವು ಶುರುವಾಗಿದೆ. ಪೆಟ್ರೋಲಾ, ಡೀಸೆಲ್ಲಾ? ಯಾವ ಗಾಡಿ ನೋಡಲಿ?

ಉತ್ತರ (ಗ್ಯಾರೇಜ್ ಮೆಕ್ಯಾನಿಕ್, ಬಳ್ಳಾರಿ):
ನಮಸ್ಕಾರ ಸರ್. ಮೊದಲು ಪೆಟ್ರೋಲ್, ಡೀಸೆಲ್ ಲೆಕ್ಕ ಮುಗಿಸೋಣ. ತಿಂಗಳಿಗೆ 25 ದಿನ ಹಿಡಿದರೂ 3,250 ಕಿಲೋಮೀಟರ್. ಲೀಟರಿಗೆ 20 ಕೊಡುವ ಡೀಸೆಲ್ ಗಾಡಿಗೆ 163 ಲೀಟರ್ ಬೇಕು. 16 ಕೊಡುವ ಪೆಟ್ರೋಲ್ ಗಾಡಿಗೆ 203 ಲೀಟರ್. ಡೀಸೆಲ್ 90, ಪೆಟ್ರೋಲ್ 103 ರೂಪಾಯಿ ಅಂತ ಇಟ್ಟುಕೊಂಡರೆ ತಿಂಗಳಿಗೆ 6 ಸಾವಿರಕ್ಕಿಂತ ಜಾಸ್ತಿ ಉಳಿಯುತ್ತದೆ. ನಿಮ್ಮ ಓಡಾಟಕ್ಕೆ ಡೀಸೆಲ್ಲೇ ಸರಿ. ಸಿಎನ್‌ಜಿ ಇನ್ನೂ ಅಗ್ಗ ಬೀಳಬಹುದು, ಆದರೆ ಸಿಲಿಂಡರ್ ಡಿಕ್ಕಿಯನ್ನೇ ತಿನ್ನುತ್ತದೆ. ಐದು ಜನ ಊರಿಗೆ ಹೊರಟರೆ ಬ್ಯಾಗ್ ಎಲ್ಲಿಡುತ್ತೀರಿ?

ಇದಕ್ಕಿಂತ ದೊಡ್ಡ ವಿಷಯ ನಿಮ್ಮ ಸೊಂಟ. ಎಲ್ಲರೂ ಮೈಲೇಜ್ ಕೇಳುತ್ತಾರೆ, ಸೀಟಿನ ಬಗ್ಗೆ ಯಾರೂ ಕೇಳಲ್ಲ. ದಿನಾ ಎರಡೂವರೆ, ಮೂರು ಗಂಟೆ ಆ ಸೀಟಿನಲ್ಲೇ ಇರುವವರು ನೀವು. ಗಾಡಿ ನೋಡಲು ಹೋದಾಗ ಬಾನೆಟ್ ಎತ್ತುವ ಮೊದಲು ಸೀಟಿನಲ್ಲಿ ಕೂತು ನೋಡಿ. ಕ್ಲಚ್ ಪೂರ್ತಿ ತುಳಿದಾಗಲೂ ಬೆನ್ನು ಸೀಟಿಗೆ ಒರಗಿಕೊಂಡೇ ಇರಬೇಕು, ಮೊಣಕಾಲು ಸ್ವಲ್ಪ ಬಾಗಿರಬೇಕು. ತೊಡೆಯ ಕೆಳಗೆ ಸೀಟು ಗಿಡ್ಡ ಇದ್ದರೆ ಹೊಸಪೇಟೆ ದಾಟುವಷ್ಟರಲ್ಲಿ ಕಾಲು ಜೋಮು ಹಿಡಿಯುತ್ತದೆ. ಕ್ಲಚ್ ಗಟ್ಟಿ ಇರುವ ಗಾಡಿ ನಿಮಗೆ ಬೇಡವೇ ಬೇಡ. ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಕ್ಲಚ್ ತುಳಿಯುವುದೇ ಕೆಲಸ, ಅದು ನಿಮಗೇ ಗೊತ್ತು.

ಸೀಟಿನ ಎತ್ತರ ಹೊಂದಿಸುವ ಸೌಲಭ್ಯ ಕೆಳಗಿನ ಮಾಡೆಲ್‌ಗಳಲ್ಲಿ ಹೆಚ್ಚಾಗಿ ಇರಲ್ಲ. ಹಾಗಾಗಿ ಹೊಸ ವರ್ಷದ ಬೇಸ್ ಮಾಡೆಲ್‌ಗಿಂತ ಒಂದೆರಡು ವರ್ಷ ಹಳೆಯ ಮೇಲಿನ ಮಾಡೆಲ್ ತಗೊಳ್ಳಿ. ಫೋಮ್ ಕುಸಿದಿದ್ದರೆ ಮಾತ್ರ ಹೆದರಬೇಡಿ, ಸೀಟ್ ಕವರ್ ಹಾಕುವವರೇ ಬದಲಿಸಿ ಕೊಡುತ್ತಾರೆ.

ಗಾಡಿ ಅಂದರೆ, ನನ್ನ ಮೊದಲ ಆಯ್ಕೆ ಮಾರುತಿ ಎಸ್-ಕ್ರಾಸ್ 1.3 ಡೀಸೆಲ್. ಹೈವೇಯಲ್ಲಿ ಗಟ್ಟಿಯಾಗಿ ಕೂರುತ್ತದೆ, ಸೀಟು ಚೆನ್ನಾಗಿದೆ, ತೀರಾ ತಗ್ಗೂ ಅಲ್ಲ. ಇದರಲ್ಲೇ 1.6 ಎಂಜಿನ್ ಕೂಡ ಬಂದಿತ್ತು. ಓಡಿಸಲು ಬಹಳ ಚೆಂದ, ಆದರೆ ಅದು 2017ರಲ್ಲೇ ನಿಂತಿತು. ಬಿಡಿಭಾಗಕ್ಕೆ ಅಲೆಯಬೇಕಾಗುತ್ತದೆ, ಬೇಡ. ಎರಡನೆಯದು ವಿಟಾರಾ ಬ್ರೆಝಾ ಡೀಸೆಲ್. ಅವ್ವನಿಗೆ ಹತ್ತಿ ಇಳಿಯಲು ಅದು ಇನ್ನೂ ಸುಲಭ, ಆದರೆ ರಸ್ತೆಯ ಏಟು ಸ್ವಲ್ಪ ಜಾಸ್ತಿ ತಿಳಿಯುತ್ತದೆ. ಸಿಯಾಜ್ ಡೀಸೆಲ್ ಒಳಗೆ ಬಹಳ ಜಾಗ. ಸೀಟು ತಗ್ಗು, ಅವ್ವನಿಗೆ ಕಷ್ಟ ಆಗಬಹುದು. ಅವರನ್ನೇ ಕರೆದುಕೊಂಡು ಹೋಗಿ ಒಮ್ಮೆ ಹತ್ತಿಸಿ ಇಳಿಸಿ ನೋಡಿ. ಎಟಿಯೋಸ್ ಡೀಸೆಲ್ ಎಂಜಿನ್‌ಗೆ ನಾನು ಕೈ ಮುಗಿಯುತ್ತೇನೆ. ಆದರೆ ಟ್ಯಾಕ್ಸಿಯಾಗಿ ಓಡಿ, ಹಳದಿ ಬೋರ್ಡ್ ತೆಗೆಸಿ ಬಿಳಿ ಬೋರ್ಡ್ ಆದ ಗಾಡಿಗಳು ಅದರಲ್ಲಿ ಬಹಳ. ಹಳೆಯ ದಾಖಲೆ ನೋಡದೆ ಮುಟ್ಟಬೇಡಿ.

ಮಾರುತಿ ಡೀಸೆಲ್ 2020ರ ಏಪ್ರಿಲ್‌ಗೆ ನಿಂತಿದೆ. ಅದಕ್ಕಿಂತ ಈಚಿನದು ಅಂತ ಯಾರಾದರೂ ಹೇಳಿದರೆ ಆರ್‌ಸಿಯಲ್ಲಿ ತಯಾರಾದ ತಿಂಗಳು ನೋಡಿ.

ಪ್ರಶ್ನೆ (ಅದೇ ಸರ್):
ಅಣ್ಣ, ಒಂದು ಎಸ್-ಕ್ರಾಸ್ ಸಿಕ್ಕಿದೆ. 2018ರದ್ದು, ಕೆಎ-34 (ಬಳ್ಳಾರಿ ನಂಬರ್), ಮೀಟರ್ 62 ಸಾವಿರ ತೋರಿಸುತ್ತದೆ. ಡಾಕ್ಟರ್ ಗಾಡಿ, ಸುಮ್ನೆ ನಿಂತಿತ್ತು ಅಂತಾರೆ ಬ್ರೋಕರ್. ಇನ್ನೊಂದು ಹೊಸಪೇಟೆದು, 1 ಲಕ್ಷ 15 ಸಾವಿರ ಓಡಿದೆ, ಬಿಲ್ ಎಲ್ಲಾ ಇದೆ. ಮೊದಲನೆಯದೇ ಒಳ್ಳೆಯದು ಅಲ್ವಾ?

ಉತ್ತರ:
ನಾನಾದರೆ ಎರಡನೆಯದನ್ನು ಮೊದಲು ನೋಡುತ್ತೇನೆ ಸರ್. ಓಡಿಸಬೇಕು ಅಂತಲೇ ಜನ ಡೀಸೆಲ್ ತಗೊಳ್ಳುವುದು. 2018ರ ಗಾಡಿ ಇಷ್ಟೇ ಓಡಿದೆ ಅಂದರೆ ಕಾರಣ ಬೇಕು. ಯಾರ ಗಾಡಿ ಅನ್ನುವುದನ್ನು ಬಿಟ್ಟು ಚಾಸಿ ನಂಬರ್ ತಗೊಂಡು ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿ. ಯಾವ ದಿನ ಎಷ್ಟು ಕಿಲೋಮೀಟರ್‌ಗೆ ಸರ್ವಿಸ್ ಆಗಿದೆ ಅಂತ ದಾಖಲೆ ಇರುತ್ತದೆ. ಮೀಟರ್ ತಿರುಗಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಪೆಡಲ್ ರಬ್ಬರ್ ಸವೆದು ನುಣ್ಣಗಾಗಿ, ಸ್ಟೀರಿಂಗ್ ಹೊಳೆಯುತ್ತಿದ್ದರೆ 62 ಸಾವಿರ ಅನ್ನುವುದು ಸುಳ್ಳು.

ನಮ್ಮ ಕಡೆ ಇನ್ನೊಂದು ನೋಡಬೇಕು. ಸಂಡೂರು ಗಣಿ ಕಡೆ ಓಡಿದ ಗಾಡಿಯನ್ನು ಎಷ್ಟು ತೊಳೆದರೂ ಕೆಂಪು ಧೂಳು ಪೂರ್ತಿ ಹೋಗಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗಿನ ಭಾಗ ಕೆಂಪಗಿದೆಯಾ? ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ನೋಡಿ, ಏರ್ ಫಿಲ್ಟರ್ ಬಿಚ್ಚಿಸಿ ನೋಡಿ. ಆ ಧೂಳು ಫಿಲ್ಟರ್ ದಾಟಿ ಒಳಗೆ ಹೋಗಿದ್ದರೆ ಟರ್ಬೊ, ಪಿಸ್ಟನ್ ರಿಂಗ್ ಎಲ್ಲಾ ಸವೆದಿರುತ್ತದೆ. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆಯಿರಿ. ಒಳಗಿನಿಂದ ಹೊಗೆ ಜೋರಾಗಿ ಉಗುಳಿದರೆ ಆ ಗಾಡಿ ಬಿಟ್ಟುಬಿಡಿ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ಮೊದಲೇ ಓಡಿಸಿ ಇಟ್ಟಿದ್ದಾರೆ ಅಂತ ಅರ್ಥ. ಎ.ಸಿ.ಯನ್ನು ಮಾತ್ರ ಮಧ್ಯಾಹ್ನ 2 ಗಂಟೆಗೆ, ಬಿಸಿಲಿನಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿ. ಬೆಳಿಗ್ಗೆ ಎಲ್ಲಾ ಎ.ಸಿ.ಯೂ ತಣ್ಣಗೇ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವಾಗ ನಿಜ ಗೊತ್ತಾಗುತ್ತದೆ.

ಟೈರ್ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೇಲಿನ ಗ್ರಿಪ್ ಚೆನ್ನಾಗಿ ಕಂಡರೂ ಹಳೆಯ ಟೈರ್ ನಮ್ಮ ಬಿಸಿಲಿಗೆ ಒಡೆಯುತ್ತದೆ. ನಾಲ್ಕೂ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ.

ಕೊನೆಗೆ ಟ್ರಯಲ್. ಊರೊಳಗೆ ಒಂದು ಸುತ್ತು ಹಾಕಿಸಿ ಸಾಕು ಅಂದರೆ ಒಪ್ಪಬೇಡಿ. ಕೊಪ್ಪಳದಿಂದ ಮುನಿರಾಬಾದ್ ತನಕ ನೀವೇ ಓಡಿಸಿ. 60ರಿಂದ 80ರ ವೇಗದಲ್ಲಿ ಗುಂಯ್ ಅಂತ ಸದ್ದು ಬಂದರೆ ವೀಲ್ ಬೇರಿಂಗ್ ಅಥವಾ ಟೈರ್. ಹಂಪ್ ಮೇಲೆ ಟಕ್ ಅಂದರೆ ಬುಷ್, ಲಿಂಕ್ ರಾಡ್ ಅನ್ನುವ ಸಸ್ಪೆನ್ಷನ್‌ನ ಸಣ್ಣ ಭಾಗಗಳು ಸವೆದಿವೆ ಅಂತ ಅರ್ಥ. ಇವೆಲ್ಲ ಸರಿ ಮಾಡಿಸಬಹುದಾದದ್ದೇ. ಎಸ್-ಕ್ರಾಸ್‌ನ ಈ ಎಂಜಿನ್ 2,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಕೆಳಗೆ ಸ್ವಲ್ಪ ಮಂದ. ಲಾರಿ ಓವರ್‌ಟೇಕ್ ಮಾಡುವಾಗ ಒಂದು ಗೇರ್ ಇಳಿಸಿಯೇ ಹೋಗಿ. ಇಳಿದ ಮೇಲೆ ಸೊಂಟ ಏನು ಹೇಳುತ್ತದೆ ಅದನ್ನೂ ಕೇಳಿ.

ಪ್ರಶ್ನೆ (ರಾಯಚೂರು):
ಸರ್, ನಾನು ಶಿಕ್ಷಕಿ, ದಿನಾ ಮಾನ್ವಿಗೆ ಹೋಗಿ ಬರುತ್ತೇನೆ. ಹೈದರಾಬಾದ್ ಗಾಡಿ ಇಲ್ಲಿಗಿಂತ ಅಗ್ಗ ಅಂತಾರೆ. ತರಬಹುದಾ?

ಉತ್ತರ:
ತರಬಹುದು ಮೇಡಂ. ಆದರೆ ಬೆಲೆಯನ್ನು ಮಾತ್ರ ನೋಡಿ ಹೋಗಬೇಡಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ), ಅಂದರೆ ಫಾರಂ 28 ಬೇಕು. ಇಲ್ಲಿ ಬಂದು ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಿ ಕೆಎ-36 ನಂಬರ್ ಮಾಡಿಸಬೇಕು. ಗಾಡಿಯ ವಯಸ್ಸಿನ ಮೇಲೆ ಟ್ಯಾಕ್ಸ್ ಕಡಿಮೆ ಆಗುತ್ತದೆ, ಆದರೂ ಸಣ್ಣ ಮೊತ್ತ ಅಲ್ಲ. ಮೊದಲು ಆರ್‌ಟಿಒದಲ್ಲಿ ಅದನ್ನು ಕೇಳಿ, ಗಾಡಿ ಬೆಲೆಗೆ ಕೂಡಿಸಿ, ಆಮೇಲೆ ಅಗ್ಗವೋ ಅಲ್ಲವೋ ನೋಡಿ. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 (ಸಾಲ ತೀರಿದೆ ಅಂತ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರಂ) ಇಲ್ಲದೆ ಅಡ್ವಾನ್ಸ್ ಕೂಡ ಕೊಡಬೇಡಿ.

ಪ್ರಶ್ನೆ (ಸಿಂಧನೂರು):
ಡೀಸೆಲ್ ಗಾಡಿ 10 ವರ್ಷಕ್ಕೆ ಬ್ಯಾನ್ ಆಗುತ್ತದೆ ಅಂತ ಎಲ್ಲರೂ ಹೆದರಿಸುತ್ತಾರಲ್ಲ?

ಉತ್ತರ:
ಆ 10 ವರ್ಷದ ಮಾತು ದೆಹಲಿ ಮತ್ತು ಸುತ್ತಲಿನ ಎನ್‌ಸಿಆರ್ ಪ್ರದೇಶದ್ದು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಇರುತ್ತದೆ. ಆಮೇಲೆ ಫಿಟ್‌ನೆಸ್ ಮಾಡಿಸಿ 5 ವರ್ಷಕ್ಕೊಮ್ಮೆ ಮುಂದುವರಿಸಬಹುದು.

ಪ್ರಶ್ನೆ (ಭಾಗ್ಯನಗರದ ಸರ್):
ಹೊಸಪೇಟೆ ಗಾಡಿ ಓಡಿಸಿ ನೋಡಿದೆ ಅಣ್ಣ. ಅವ್ವ ಯಾರ ಸಹಾಯವೂ ಇಲ್ಲದೆ ಹತ್ತಿದರು. ಲಿಂಕ್ ರಾಡ್ ಸದ್ದು ಇದೆ, ಟೈರ್ ಹಳೆಯವು. ಉಳಿದದ್ದೆಲ್ಲ ಸರಿ ಕಾಣುತ್ತದೆ. ಮುಂದೆ?

ಉತ್ತರ:
ಒಳ್ಳೆಯದಾಯ್ತು ಸರ್. ಟೈರ್, ಲಿಂಕ್ ರಾಡ್ ಖರ್ಚು ಕಳೆದು ಬೆಲೆ ಮಾತಾಡಿ. ಬಾಕಿ ಚಲನ್ ಇದೆಯಾ ಅಂತ ಪರಿವಾಹನ್ ವೆಬ್‌ಸೈಟಿನಲ್ಲಿ ನೋಡಿ. ಗಾಡಿ ನಿಮ್ಮ ಹೆಸರಿಗೆ ವರ್ಗಾಯಿಸುವ ಫಾರಂ 29, 30ಕ್ಕೆ ಓನರ್ ಸಹಿ ಹಾಕಿದ ಮೇಲೆಯೇ ಪೂರ್ತಿ ಹಣ ಕೊಡಿ. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ಹಳೆಯ ಓನರ್‌ನ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರಲ್ಲ, ಆ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ. ಗಾಡಿ ಮನೆಗೆ ಬಂದ ವಾರದಲ್ಲೇ ಆಯಿಲ್, ಎಲ್ಲಾ ಫಿಲ್ಟರ್, ಕೂಲಂಟ್ ಬದಲಿಸಿ. ನಿಮ್ಮ ಓಡಾಟಕ್ಕೆ 10 ಸಾವಿರ ಕಿಲೋಮೀಟರ್ ಮೂರು ತಿಂಗಳಿಗೇ ಮುಗಿಯುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಸರ್ವಿಸ್ ಅನ್ನುವ ಲೆಕ್ಕ ಬಿಡಿ, ಮೀಟರ್ ನೋಡಿ ಮಾಡಿಸಿ. ಏರ್ ಫಿಲ್ಟರನ್ನು ತಿಂಗಳಿಗೊಮ್ಮೆ ಬಿಚ್ಚಿ ನೋಡುತ್ತಿರಿ, ತೋರಣಗಲ್ಲು ರಸ್ತೆಯ ಧೂಳಿಗೆ ಅದು ಬೇಗ ತುಂಬುತ್ತದೆ.