ಶಾರ್ಜಾದ ಮರಳಿನಲ್ಲಿ ಮಲ್ಲಿಗೆ, ಬಸಳೆ: ಬೂದಿ ಹಾಕಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಾವು ಉಡುಪಿ ಕಡೆಯವರು, ಶಾರ್ಜಾದಲ್ಲಿ ಬಾಡಿಗೆ ವಿಲ್ಲಾದಲ್ಲಿದ್ದೇವೆ. ಹಿತ್ತಿಲು ಪೂರ್ತಿ ಮರಳು. ಬೆಳಿಗ್ಗೆ ಅರ್ಧ ಗಂಟೆ ಪೈಪಿನಲ್ಲಿ ನೀರು ಬಿಟ್ಟರೂ ಮಧ್ಯಾಹ್ನಕ್ಕೆ ಬಸಳೆ ಬಾಡುತ್ತದೆ. ಮಲ್ಲಿಗೆಯ ಹೊಸ ಎಲೆಗಳು ಹಳದಿ, ನರಗಳು ಮಾತ್ರ ಹಸಿರು. ಊರಿನಂತೆ ಬೂದಿ ಹಾಕಬಹುದೇ? ಒಂದಡಿ ಕೆಳಗೆ ಪ್ಲಾಸ್ಟಿಕ್ ಹಾಸಿದರೆ ನೀರು ನಿಲ್ಲುತ್ತದೆ ಎಂದು ಪಕ್ಕದವರು ಹೇಳುತ್ತಾರೆ.

ಉತ್ತರ (ಮಣ್ಣು ತಜ್ಞ): ಬೂದಿ ಬೇಡ, ಪ್ಲಾಸ್ಟಿಕ್ ಅಂತೂ ಬೇಡವೇ ಬೇಡ. ಕರಾವಳಿಯ ಕೆಂಪು ಮಣ್ಣು ಹುಳಿ. ಬೂದಿ ಆ ಹುಳಿಯನ್ನು ತಗ್ಗಿಸುವುದರಿಂದ ಅಲ್ಲಿ ಹಿತ. ನಿಮ್ಮ ಮರಳಿನಲ್ಲಿ ಸುಣ್ಣದ ಅಂಶ ಹೆಚ್ಚು, ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಹೆಚ್ಚಾದರೆ ಕ್ಷಾರ) ಸಾಮಾನ್ಯವಾಗಿ 8ರ ಆಸುಪಾಸು. ಕಬ್ಬಿಣ ಇದ್ದರೂ ಬೇರಿಗೆ ಸಿಗದು. ಮಲ್ಲಿಗೆ ಹಳದಿಯಾಗಿರುವುದು ಅದಕ್ಕೇ. ಬೂದಿ ಬಿದ್ದರೆ ಇನ್ನಷ್ಟು ಬಿಗಡಾಯಿಸುತ್ತದೆ.

ಪ್ಲಾಸ್ಟಿಕ್ ನೀರನ್ನಷ್ಟೇ ಅಲ್ಲ, ಉಪ್ಪನ್ನೂ ಹಿಡಿದಿಡುತ್ತದೆ. ನೀರು, ಗೊಬ್ಬರ, ಮರಳು ಮೂರರಲ್ಲೂ ಒಂದಿಷ್ಟು ಉಪ್ಪಿದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಅದು ಕೆಳಗೆ ತೊಳೆದುಹೋಗಲು ದಾರಿ ಬೇಕು.

ನೀರುಣಿಸಿದ ಮೇಲೆ ಒಮ್ಮೆ ಅಗೆದು ನೋಡಿ. ಬಸಳೆಗೆ 30 ಸೆಂಟಿಮೀಟರ್ ಆಳಕ್ಕೆ ಒದ್ದೆಯಾದರೆ ಸಾಕು. ಉಪ್ಪು ತೊಳೆಯಲು ಬೇಕಾದದ್ದು ಬಿಟ್ಟರೆ, ಅದಕ್ಕಿಂತ ಕೆಳಗಿಳಿದದ್ದು ಬಿಲ್ಲಿಗಷ್ಟೇ ಲೆಕ್ಕ. ಡ್ರಿಪ್ ಹಾಕಿಸಿ, ಅಷ್ಟೇ ನೀರನ್ನು ಬೆಳಿಗ್ಗೆ, ಸಂಜೆ ಎಂದು ಎರಡು ಸಲಕ್ಕೆ ಹಂಚಿ.

ಮರಳಿಗೆ ನೀರು ಹಿಡಿಯುವ ಶಕ್ತಿ ಬರುವುದು ಚೆನ್ನಾಗಿ ಕಳಿತ ಕಾಂಪೋಸ್ಟಿನಿಂದ. 5 ಸೆಂಟಿಮೀಟರ್ ದಪ್ಪ ಹರಡಿ, ಮೇಲಿನ 20–25 ಸೆಂಟಿಮೀಟರ್ ಮರಳಿನಲ್ಲಿ ಬೆರೆಸಿ. ಚದರ ಮೀಟರಿಗೆ 50 ಲೀಟರ್ ಬೇಕು. ಆ ಸೆಕೆಯಲ್ಲಿ ಕಾಂಪೋಸ್ಟ್ ಬೇಗ ಕರಗುತ್ತದೆ, ಹಾಗಾಗಿ ಪ್ರತಿ ವರ್ಷ ಅಕ್ಟೋಬರ್ ಬಿತ್ತನೆಗೆ ಮುಂಚೆ ಮತ್ತೆ ಹಾಕಬೇಕು. ಮೇಲೆ ಕತ್ತರಿಸಿದ ಒಣ ಖರ್ಜೂರದ ಗರಿಯ ಹೊದಿಕೆ ಇರಲಿ, ಕಾಂಡಕ್ಕೆ ತಾಗದಂತೆ.

ನಮ್ಮೂರಲ್ಲಿ ಕೆರೆ ಹೂಳನ್ನು ಹೊಲಕ್ಕೆ ಹೊಡೆಯುತ್ತಾರಲ್ಲ, ಅದರ ಗುಟ್ಟು ಜೇಡಿ. 2020ರಲ್ಲಿ ನಾರ್ವೆಯ ಡೆಸರ್ಟ್ ಕಂಟ್ರೋಲ್ ಕಂಪನಿ ದುಬೈನಲ್ಲಿ ಜೇಡಿಯನ್ನು ನೀರಿನಲ್ಲಿ ಕದಡಿ, ಮರಳಿಗೆ ಉಣಿಸಿ ಕಲ್ಲಂಗಡಿ ಬೆಳೆದು ತೋರಿಸಿತು. ಮನೆಯಲ್ಲಿ ಬೆಂಟೊನೈಟ್ ಎಂಬ ಜೇಡಿಯ ಪುಡಿ ಬಳಸಬಹುದು. ಆದರೆ ಒಣಗಿದ್ದಾಗಲೇ ಕಾಂಪೋಸ್ಟಿನೊಂದಿಗೆ ಬೆರೆಸಬೇಕು, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ಮೊದಲು ಒಂದೇ ಪಾತಿಯಲ್ಲಿ ಪ್ರಯೋಗಿಸಿ.

ಮರುಪ್ರಶ್ನೆ: ಮಲ್ಲಿಗೆ ಆಗಲೇ ಬೇರೂರಿದೆ ಸರ್. ಈಗ ಅಗೆದು ಬೆರೆಸುವುದು ಹೇಗೆ?

ಉತ್ತರ: ಅಗೆಯಬೇಡಿ. ಗಿಡದ ಹರವಿನ ಅಂಚಿನಲ್ಲಿ ಅಲ್ಲಲ್ಲಿ 30 ಸೆಂಟಿಮೀಟರ್ ಆಳದ ಗುಂಡಿ ತೋಡಿ ಕಾಂಪೋಸ್ಟ್ ತುಂಬಿ. ಬೇರು ತಾನೇ ಹುಡುಕಿಕೊಂಡು ಬರುತ್ತದೆ.

ಇನ್ನೊಬ್ಬ ಸದಸ್ಯರು: ಹೈಡ್ರೋಜೆಲ್ (ನೀರು ಹೀರಿ ಉಬ್ಬುವ ಹರಳು) ಹಾಕಿದರೆ ಹೇಗೆ? ತೂಕದ ನೂರಾರು ಪಟ್ಟು ನೀರು ಹೀರುತ್ತದಂತೆ.

ಉತ್ತರ: ಅದು ಶುದ್ಧ ನೀರಿನ ಲೆಕ್ಕ. ಉಪ್ಪು, ಸುಣ್ಣ ಸೇರಿದ ನೀರಿನಲ್ಲಿ ಆ ಶಕ್ತಿ ಬಹಳ ಕುಗ್ಗುತ್ತದೆ. ಕುಂಡಗಳಿಗೆ ಸರಿ, ಹಿತ್ತಿಲಿಗಾದರೆ ಆ ಹಣಕ್ಕೆ ಕಾಂಪೋಸ್ಟ್ ತನ್ನಿ. ಮಲ್ಲಿಗೆಗೆ ಕಬ್ಬಿಣದ ಗೊಬ್ಬರ ಕೊಳ್ಳುವಾಗ ಚೀಟಿಯ ಮೇಲೆ, ಕಬ್ಬಿಣವನ್ನು ಬೇರಿಗೆ ಸಿಗುವಂತೆ ಹಿಡಿದಿಡುವ ವಸ್ತುವಿನ ಹೆಸರು ಇಡಿಡಿಎಚ್‌ಎ ಎಂದಿರಲಿ. ಇಡಿಟಿಎ ಎಂದಿದ್ದರೆ ಸುಣ್ಣದ ಮರಳಿನಲ್ಲಿ ಹೆಚ್ಚು ಹೊತ್ತು ನಿಲ್ಲದು.