ಶವರ್ ಬಿಟ್ಟರೆ ಗ್ಯಾಸ್ ಗೀಸರ್ ಆರಿಹೋಗುತ್ತದೆ, ಏನು ಮಾಡೋದು?

ಪ್ರಶ್ನೆ: ನಮಸ್ತೆ ಸರ್. ಮೈಸೂರಿನಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ. ನಮ್ಮ ಮೇಲೆ ತಾರಸಿ, ಅಲ್ಲೇ ನೀರಿನ ಟ್ಯಾಂಕ್. ಗೀಸರ್ ಬಚ್ಚಲಿನ ಒಳಗೇ ಇದೆ. ಬಕೆಟ್ ತುಂಬಿಸುವ ನಲ್ಲಿ ಬಿಟ್ಟರೆ ಚೆನ್ನಾಗಿ ಹೊತ್ತುತ್ತದೆ. ಶವರ್ ಬಿಟ್ಟರೆ ಸ್ವಲ್ಪ ಹೊತ್ತಿಗೇ ಆರಿ, ಮತ್ತೆ ಟಕ್ ಟಕ್ ಅನ್ನುತ್ತದೆ. ಸೆಲ್ ಹೊಸದು ಹಾಕಿಯಾಯಿತು. ನೋಡಿದವರೊಬ್ಬರು ಹೊಸ ಗೀಸರ್ ತಗೊಳ್ಳಿ ಅಂದರು. ಅಮ್ಮನಿಗೆ ಸ್ನಾನ ಮುಗಿಸಿ ಬಂದರೆ ತಲೆನೋವು ಬೇರೆ. ನೀರು ತಣ್ಣಗಾಗುವುದಕ್ಕೇ ಇರಬೇಕು, ಅಲ್ವಾ?

ಉತ್ತರ: ಮೇಡಂ, ತಲೆನೋವು ತಣ್ಣೀರಿನದ್ದು ಅಂತ ಬಿಟ್ಟುಬಿಡಬೇಡಿ. ದಯವಿಟ್ಟು ಇವತ್ತಿನಿಂದಲೇ ಆ ಗೀಸರ್ ಹಚ್ಚಬೇಡಿ. ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ. ಅಮ್ಮನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ ಅಂತಲೂ ಹೇಳಿ. ಬಾಗಿಲು ಹಾಕಿದ ಬಚ್ಚಲಲ್ಲಿ ಗ್ಯಾಸ್ ಉರಿದರೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಹುಟ್ಟುತ್ತದೆ. ತಲೆನೋವು, ತಲೆಸುತ್ತು ಅದರ ಮೊದಲ ಗುರುತು.

ಇನ್ನು ಆರುವ ವಿಷಯ. ಈ ಗೀಸರನ್ನು ಹೊತ್ತಿಸುವುದು ನೀರಿನ ಒತ್ತಡ. ನಲ್ಲಿ ಬಿಟ್ಟಾಗ ನೀರು ಒಳಗಿನ ರಬ್ಬರ್ ಡಯಾಫ್ರಮ್ಮನ್ನು, ಅಂದರೆ ಬಾಗುವ ತೆಳು ಪರದೆಯನ್ನು, ಒತ್ತುತ್ತದೆ. ಅದು ಒಂದು ಕಡ್ಡಿಯನ್ನು ತಳ್ಳುತ್ತದೆ, ಸ್ವಿಚ್ ಬೀಳುತ್ತದೆ. ಸೆಲ್ಲಿನ ಕರೆಂಟಿಂದ ಕಿಡಿ ಹಾರುತ್ತದೆ, ಗ್ಯಾಸ್ ವಾಲ್ವ್ ತೆರೆಯುತ್ತದೆ. ನೀವು ಕೇಳುವ ಟಕ್ ಟಕ್ ಆ ಕಿಡಿಯದ್ದೇ. ನೀರಿನ ಒತ್ತಡ ಇಳಿದರೆ ಡಯಾಫ್ರಮ್ ಹಿಂದೆ ಸರಿಯುತ್ತದೆ, ಗ್ಯಾಸ್ ಬಂದ್.

ಈಗ ನಿಮ್ಮ ಮನೆ ನೋಡಿ. ಟ್ಯಾಂಕಿನ ನೀರಿನ ಮಟ್ಟ ಬಕೆಟ್ ನಲ್ಲಿಗಿಂತ 10 ಅಡಿ ಮೇಲಿದೆ ಅಂದುಕೊಳ್ಳೋಣ. ಅದರಿಂದ ಸಿಗುವುದು ಸುಮಾರು 0.3 ಬಾರ್ ಒತ್ತಡ. ಶವರ್ ಇನ್ನೂ 5 ಅಡಿ ಎತ್ತರದಲ್ಲಿರುತ್ತದೆ, ಹಾಗಾಗಿ ಅರ್ಧವೇ ಉಳಿಯಿತು. ಜೊತೆಗೆ ಬೋರ್ ನೀರಿನ ಬಿಳಿ ಉಪ್ಪು ಶವರಿನ ತೂತಿಗೆ ಕಟ್ಟಿಕೊಂಡಿದ್ದರೆ ಮುಗಿಯಿತು. ಗೀಸರ್ ಕೆಟ್ಟಿರಲಿಕ್ಕಿಲ್ಲ, ಸುಮ್ನೆ ದುಡ್ಡು ಹಾಕಬೇಡಿ. ಶವರಿನ ತಲೆ ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿಡಿ. ಗೀಸರಿಗೆ ತಣ್ಣೀರು ಬರುವ ಪೈಪಿನ ಬಾಯಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ. ಅದರಲ್ಲಿ ಮರಳು ತುಂಬಿರುವುದೇ ಜಾಸ್ತಿ. ಅದನ್ನೂ ತೊಳೆಸಿ.

ಪ್ರಶ್ನೆ: ಎಕ್ಸಾಸ್ಟ್ ಫ್ಯಾನ್ ಇದೆ ಸರ್. ಗ್ಯಾಸ್ ವಾಸನೆಯೂ ಇಲ್ಲ. ಆದರೂ ಅಪಾಯವೇ?

ಉತ್ತರ: ಹೌದು ಮೇಡಂ. ನೀವು ಹೇಳುವ ವಾಸನೆ ಸಿಲಿಂಡರ್ ಗ್ಯಾಸಿನದ್ದು. ಸೋರಿದರೆ ತಿಳಿಯಲಿ ಅಂತ ಕಂಪನಿಯವರೇ ಅದನ್ನು ಸೇರಿಸಿರುತ್ತಾರೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದಲ್ಲಿ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಒಳಗಿದ್ದವರಿಗೆ ಬಾಗಿಲು ತೆಗೆಯುವಷ್ಟು ಶಕ್ತಿಯೂ ಉಳಿಯದೆ ಹೋಗಬಹುದು. ಫ್ಯಾನ್ ನಂಬಿಕೊಂಡು ಇರುವುದು ಬೇಡ, ಒಂದು ದಿನ ಹಾಕುವುದು ಮರೆತರೆ? ಗೀಸರನ್ನೇ ಬಚ್ಚಲಿನ ಹೊರಗೆ, ಗಾಳಿ ಆಡುವ ಕಡೆ ಹಾಕಿಸಿ. ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಉರಿ ಹಳದಿಯಾಗಿದ್ದರೆ, ಮೇಲೆ ಮಸಿ ಕಟ್ಟಿದ್ದರೆ ಬರ್ನರ್ ಕೂಡ ಕ್ಲೀನ್ ಮಾಡಿಸಿ. ಉರಿ ನೀಲಿಯಾಗಿದ್ದರೂ ಒಳಗೆ ಇಡಬಾರದು.

ಇನ್ನೊಬ್ಬ ಸದಸ್ಯರು: ಅಣ್ಣ, ನಮ್ಮದು ಹೊರಗೇ ಇದೆ. ಆದರೆ ಸರಿಯಾಗಿ 20 ನಿಮಿಷಕ್ಕೆ ಆಫ್ ಆಗುತ್ತದೆ.

ಉತ್ತರ: ಅದು ಟೈಮರ್, ಸುರಕ್ಷತೆಗೆ ಕೊಟ್ಟಿರುವುದು. ನಲ್ಲಿ ನಿಲ್ಲಿಸಿ ಮತ್ತೆ ಬಿಡಿ, ಹೊತ್ತುತ್ತದೆ. ಯಾರಾದರೂ ತೆಗೆದುಹಾಕುತ್ತೇನೆ ಅಂದರೆ ಬೇಡ ಅನ್ನಿ.

ಮೊದಲು ಕೇಳಿದವರು: ಸರ್, ಡಾಕ್ಟರಿಗೆ ತೋರಿಸಿದೆವು, ಅಮ್ಮ ಹುಷಾರಾಗಿದ್ದಾರೆ. ಜಾಲರಿಯಲ್ಲಿ ಚಮಚದಷ್ಟು ಮರಳಿತ್ತು. ಓನರ್ ಯುಟಿಲಿಟಿಗೆ ಗೀಸರ್ ಸ್ಥಳಾಂತರಿಸಲು ಒಪ್ಪಿದ್ದಾರೆ.

ಉತ್ತರ: ಬಹಳ ಸಂತೋಷ ಮೇಡಂ. ಯುಟಿಲಿಟಿಗೆ ಗಾಜಿನ ಕಿಟಕಿ ಹಾಕಿ ಮುಚ್ಚಿದ್ದರೆ ಅದೂ ಬಚ್ಚಲಿನ ಹಾಗೆಯೇ. ಗ್ರಿಲ್ ಮಾತ್ರ ಇರಬೇಕು. ಹೊಸ ಗ್ಯಾಸ್ ಪೈಪ್ ಹಾಕಿಸಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಅಲ್ಲಿ ಸೋರುತ್ತಿದೆ, ಸಿಲಿಂಡರ್ ಬಂದ್ ಮಾಡಿ ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ.